ಹಳೇಬೀಡಿಗೆ ಜೀಪು, ಅಸುರನಿಗೆ ಆರು ಕೈ

ಜಪಾನಿನ ಪ್ರಸಿದ್ಧ ವಿಡಿಯೊ ಗೇಮ್ ಸರಣಿ ‘ಫೈನಲ್ ಫ್ಯಾಂಟಸಿ’ಯಲ್ಲಿ ಶಿವ ಒಬ್ಬ ಹೆಂಗಸು. ಮೈ ತುಂಬ ಹಿಮ. ಆಟಗಾರ ಕರೆದಾಗ ಬಂದು ಶತ್ರುವನ್ನು ಹೆಪ್ಪುಗಟ್ಟಿಸಿ ಮಾಯವಾಗುತ್ತಾಳೆ. 2009ರಲ್ಲಿ ಬಂದ ಹದಿಮೂರನೆಯ ಆಟದಲ್ಲಂತೂ ಶಿವ ಎಂದರೆ ಇಬ್ಬರು ಅಕ್ಕತಂಗಿಯರು. ಇಬ್ಬರೂ ಸೇರಿದರೆ ಒಂದು ಮೋಟಾರ್ ಸೈಕಲ್ ಆಗುತ್ತದೆ, ಕಥೆಯ ಗಟ್ಟಿಗನೊಬ್ಬ ಅದನ್ನು ಹತ್ತಿ ಓಡಿಸುತ್ತಾನೆ. ಅಮೆರಿಕದ ‘ಅನ್‌ಚಾರ್ಟೆಡ್: ದ ಲಾಸ್ಟ್ ಲೆಗಸಿ’ ಆಟದಲ್ಲಿ ಹೀಗೆಲ್ಲ ಆಗುವುದಿಲ್ಲ. ಅಲ್ಲಿ ಗಣೇಶ ಗಣೇಶನೇ. ಸೊಂಡಿಲು, ಮುರಿದ ದಂತ, ಪರಶುರಾಮನೊಂದಿಗಿನ ಜಗಳ ಎಲ್ಲವೂ ಪುರಾಣದಲ್ಲಿ ಇರುವಂತೆಯೇ ಇವೆ. ಆದರೆ ಕಥೆಗೆ ಬೇಕಾಗಿರುವುದು ಆ ದಂತ ಮಾತ್ರ. ಹೊಯ್ಸಳರು ಬಚ್ಚಿಟ್ಟರೆನ್ನುವ ಆ ನಿಧಿಗಾಗಿ ಇಬ್ಬರು ಹೆಂಗಸರು ಪಶ್ಚಿಮ ಘಟ್ಟದಲ್ಲಿ ಜೀಪು ಓಡಿಸುತ್ತಾರೆ. ಒಂದು ಕಡೆ ದೇವರ ಹೆಸರು ಉಳಿದು ಮಿಕ್ಕಿದ್ದೆಲ್ಲ ಬದಲಾಗಿದೆ. ಇನ್ನೊಂದು ಕಡೆ ಎಲ್ಲವೂ ಇದೆ, ದೇವರು ಮಾತ್ರ ಕಲ್ಲಾಗಿ ನಿಂತಿದ್ದಾನೆ.

ಜಪಾನಿನ ಗೇಮ್‌ಗಳಿಗೂ ಅಮೆರಿಕ, ಯುರೋಪಿನ ಗೇಮ್‌ಗಳಿಗೂ ಇರುವ ಅಂತರವನ್ನು ಸಾಮಾನ್ಯವಾಗಿ ಹೊರಚಹರೆಯಿಂದಲೇ ಗುರುತಿಸುತ್ತಾರೆ. ಅಲ್ಲಿ ದೊಡ್ಡ ಕಣ್ಣು, ನೆಟ್ಟಗೆ ನಿಂತ ಕೂದಲು, ಆಳೆತ್ತರದ ಕತ್ತಿ. ಇಲ್ಲಿ ಕುರುಚಲು ಗಡ್ಡ, ಮಾಸಿದ ಬಟ್ಟೆ, ಬಂದೂಕು. ಈ ಗುರುತು ಸುಳ್ಳಲ್ಲ, ಆದರೆ ಹೆಚ್ಚು ದೂರ ಕರೆದೊಯ್ಯುವುದಿಲ್ಲ. ಎರಡೂ ಕಡೆಯವರು ಒಂದೇ ವಸ್ತುವನ್ನು ಕೈಗೆತ್ತಿಕೊಂಡಾಗ ಅದನ್ನು ಏನು ಮಾಡುತ್ತಾರೆಂದು ನೋಡಿದರೆ ಸ್ವಭಾವ ಬಯಲಾಗುತ್ತದೆ. ಭಾರತ ಅಂಥದೊಂದು ವಸ್ತು. ಪಶ್ಚಿಮದವರು ಅದನ್ನು ಒಂದು ಜಾಗವಾಗಿ ಕಟ್ಟುತ್ತಾರೆ: ಕಾಡು, ಕೋಟೆ, ಸಂತೆಬೀದಿ. ಜಪಾನಿನವರು ಅದರಿಂದ ಪಾತ್ರಗಳನ್ನು ಎತ್ತಿಕೊಳ್ಳುತ್ತಾರೆ: ಅಸುರ, ಅಗ್ನಿ, ಯಕ್ಷ, ಯೋಗಿ. ಜಾಗ ಮೊದಲೋ ಪಾತ್ರ ಮೊದಲೋ ಎಂಬ ಈ ಒಂದು ಭೇದದಿಂದಲೇ ಮಿಕ್ಕ ಹಲವು ಭೇದಗಳು ಹುಟ್ಟಿವೆ.

ಇದರ ಬೇರು ಎರಡೂ ದೇಶಗಳಲ್ಲಿ ಗೇಮ್ ಹುಟ್ಟಿದ ಮನೆಯಲ್ಲಿದೆ. ಅಮೆರಿಕದಲ್ಲಿ ಅದು ಕಂಪ್ಯೂಟರ್ ಪ್ರಯೋಗಾಲಯದ ಕೂಸು. 1962ರಲ್ಲಿ ಎಂಐಟಿಯಲ್ಲಿ ರೂಪುಗೊಂಡ ‘ಸ್ಪೇಸ್‌ವಾರ್’ ಆಟದಲ್ಲಿ ಎರಡು ನೌಕೆಗಳು ನಕ್ಷತ್ರವೊಂದರ ಸೆಳೆತಕ್ಕೆ ಸಿಕ್ಕಿ ಸುತ್ತುತ್ತಲೇ ಪರಸ್ಪರ ಗುಂಡು ಹಾರಿಸುತ್ತವೆ. ಹಿನ್ನೆಲೆಯ ಆಕಾಶ ಬರೀ ಚುಕ್ಕೆಗಳಾಗಿದ್ದರೆ ಸಾಲದೆಂದು ನಿಜವಾದ ನಕ್ಷತ್ರಪಟವನ್ನೇ ಒಬ್ಬರು ಅದರೊಳಗೆ ತುಂಬಿದರು. ಆಡುವುದಕ್ಕೆ ಅದರಿಂದ ಏನೂ ಉಪಯೋಗವಿರಲಿಲ್ಲ. ಆದರೂ ಲೋಕವನ್ನು ಇದ್ದಂತೆ ಯಂತ್ರದೊಳಗೆ ಇಳಿಸಬೇಕೆಂಬ ಹಟ ಅಲ್ಲಿಂದಲೇ ಶುರುವಾಯಿತು. ವಿಮಾನ ಹಾರಿಸುವ ಆಟ, ನಗರ ಕಟ್ಟುವ ಆಟ, ಎಲೆ ಎಲೆಯೂ ಗಾಳಿಗೆ ಅಲ್ಲಾಡುವ ಕಾಡು ಎಲ್ಲವೂ ಆ ಹಟದ ಮುಂದುವರಿಕೆಯೇ.

ಜಪಾನಿನಲ್ಲಿ ಅದು ಆಟಿಕೆ ಅಂಗಡಿಯ ಕೂಸು. ನಿಂಟೆಂಡೊ 1889ರಲ್ಲಿ ಕ್ಯೋಟೊ ನಗರದಲ್ಲಿ ಹುಟ್ಟಿದ್ದು ಹೂವಿನ ಚಿತ್ರಗಳ ಇಸ್ಪೀಟು ಎಲೆ ಮಾಡುವುದಕ್ಕೆ. 1980ರ ‘ಪ್ಯಾಕ್-ಮ್ಯಾನ್’ ಮಾಡಿದ ತೋರು ಇವಾತಾನಿಯ ಉದ್ದೇಶ, ಗಂಡು ಹುಡುಗರೇ ತುಂಬಿರುತ್ತಿದ್ದ ಗೇಮ್ ಅಂಗಡಿಗಳಿಗೆ ಹೆಣ್ಣುಮಕ್ಕಳೂ ಬರುವಂತೆ ಮಾಡುವುದು. ಹಾಗಾಗಿ ಗುಂಡು, ಬಾಂಬುಗಳ ಜಾಗದಲ್ಲಿ ತಿನ್ನುವ ಬಾಯಿ ಬಂತು, ಬಣ್ಣಬಣ್ಣದ ದೆವ್ವಗಳು ಬಂದವು. ಮರುವರ್ಷ ಶಿಗೆರು ಮಿಯಾಮೊಟೊ ‘ಡಾಂಕಿ ಕಾಂಗ್’ ಆಟಕ್ಕೆ ಒಬ್ಬ ಪುಟ್ಟ ಬಡಗಿಯನ್ನು ಬರೆದರು. ಮಿಯಾಮೊಟೊ ಕಂಪ್ಯೂಟರ್ ಓದಿದವರಲ್ಲ. ಕೈಗಾರಿಕಾ ವಿನ್ಯಾಸ ಓದಿ, ಮಂಗಾ ಚಿತ್ರಕಥೆ ಬರೆಯುವ ಆಸೆ ಇಟ್ಟುಕೊಂಡಿದ್ದವರು. ಪರದೆಯ ಮೇಲೆ ಸಿಕ್ಕಿದ್ದು ಬೆರಳೆಣಿಕೆಯ ಚೌಕಗಳು. ಬಾಯಿ ಬಿಡಿಸಲು ಜಾಗ ಸಾಲದ್ದಕ್ಕೆ ಮೀಸೆ, ಕೂದಲು ಬಿಡಿಸುವ ಕಷ್ಟ ತಪ್ಪಿಸಲು ಟೋಪಿ, ಕೈ ಆಡುವುದು ಕಾಣಲೆಂದು ಮೇಲಂಗಿ ಬಂದವು. ಮುಂದೆ ಮಾರಿಯೊ ಎಂದು ಲೋಕಪ್ರಸಿದ್ಧನಾದದ್ದು ಈ ಬಡಗಿಯೇ. 1990ರ ದಶಕದಲ್ಲಿ ನಮ್ಮ ಪೇಟೆಗಳಲ್ಲಿ ‘9999 ಇನ್ 1’ ಎಂದು ಬರೆದ ನಕಲಿ ಕ್ಯಾಸೆಟ್ಟುಗಳ ಮೂಲಕ ಟಿವಿಯೊಳಗೆ ಬಂದು ಕುಣಿದವನೂ ಅವನೇ. ಇಟ್ಟಿಗೆ ಗೋಡೆ, ಹಸಿರು ಕೊಳವೆ ಎಲ್ಲಿಯ ಊರಿನವು ಎಂದು ಆಗ ಯಾರೂ ಕೇಳಲಿಲ್ಲ. ಟೋಪಿ, ಮೀಸೆ ಮಾತ್ರ ನೆನಪಿನಲ್ಲಿ ಉಳಿದವು.

ಎರಡು ಕವಲುಗಳು ಬೇರೆಯಾದ ಕ್ಷಣವನ್ನೂ ಗುರುತಿಸಬಹುದು. ಅಮೆರಿಕದಲ್ಲಿ 1974ರಲ್ಲಿ ‘ಡಂಜನ್ಸ್ ಆ್ಯಂಡ್ ಡ್ರಾಗನ್ಸ್’ ಎಂಬ ಆಟ ಬಂತು. ಮೇಜಿನ ಸುತ್ತ ಕೂತವರು ತಾವೇ ಒಂದೊಂದು ಪಾತ್ರ ಕಟ್ಟಿಕೊಂಡು, ದಾಳ ಉರುಳಿಸುತ್ತ ಕಥೆ ಬೆಳೆಸುವ ಆಟ ಅದು. 1981ರಲ್ಲಿ ಅದರ ಪ್ರಭಾವದಿಂದ ‘ವಿಜಾರ್ಡ್ರಿ’, ‘ಅಲ್ಟಿಮಾ’ ಎಂಬ ಎರಡು ಕಂಪ್ಯೂಟರ್ ಆಟಗಳು ಹುಟ್ಟಿದವು. ಅವನ್ನು ಆಡಿ ಮರುಳಾದ ಯುಜಿ ಹೋರಿ ಎಂಬ ಜಪಾನಿ, 1986ರಲ್ಲಿ ನಿಂಟೆಂಡೊ ಯಂತ್ರಕ್ಕಾಗಿ ‘ಡ್ರಾಗನ್ ಕ್ವೆಸ್ಟ್’ ಮಾಡಿದರು. ಆ ಯಂತ್ರದ ಜೊತೆ ಬರುತ್ತಿದ್ದದ್ದು ಕೀಬೋರ್ಡಲ್ಲ, ನಾಲ್ಕಾರು ಗುಂಡಿಗಳ ಹಿಡಿ. ಆದ್ದರಿಂದ ಆಜ್ಞೆಗಳೆಲ್ಲ ಪುಟ್ಟ ಪಟ್ಟಿಗಳಾದವು. ನಿಯಮಗಳ ಕಗ್ಗಂಟು ಸಡಿಲವಾಯಿತು. ರಾಕ್ಷಸರ ಚಿತ್ರವನ್ನು ಮಂಗಾ ಕಲಾವಿದ ಅಕಿರಾ ತೊರಿಯಾಮಾ ಬರೆದರು. ಅಮೆರಿಕದ ಮೂಲದಲ್ಲಿ ಭಯ ಹುಟ್ಟಿಸುವ ಲೋಳೆಯಂಥ ಜೀವಿ ಜಪಾನಿಗೆ ಬಂದ ಮೇಲೆ ನಗುಮುಖದ ನೀಲಿ ಹನಿಯಾಗಿ, ಮಕ್ಕಳ ಚೀಲದ ಮೇಲಿನ ಚಿತ್ರವಾಯಿತು. ಜಪಾನಿ ಶೈಲಿ ಎಂದು ಈಗ ಲೋಕವೆಲ್ಲ ಗುರುತಿಸುವ ರೋಲ್ ಪ್ಲೇಯಿಂಗ್ ಆಟಗಳ ತಾಯಿಬೇರು ಅಮೆರಿಕದ್ದು ಎಂಬುದನ್ನು ಎರಡೂ ಕಡೆಯ ಅಭಿಮಾನಿಗಳು ಅಷ್ಟಾಗಿ ನೆನೆಯುವುದಿಲ್ಲ.

ಆ ಕವಲುಗಳು ಎಷ್ಟು ದೂರ ಹೋದವೆಂದು ನೋಡಲು ಎರಡು ಆಟ ಸಾಕು. ಅಮೆರಿಕದ ‘ಸ್ಕೈರಿಮ್’ (2011) ತೊಡಗುವಾಗಲೇ ಆಟಗಾರ ತನ್ನ ಮುಖ, ಮೂಗು, ಕುಲ ಎಲ್ಲವನ್ನೂ ತಾನೇ ಆರಿಸಿಕೊಳ್ಳುತ್ತಾನೆ. ಆಮೇಲೆ ಮುಖ್ಯ ಕಥೆಯನ್ನು ಬದಿಗಿಟ್ಟು ಬೆಟ್ಟ ಸುತ್ತುತ್ತ, ಕಳ್ಳತನ ಮಾಡುತ್ತ, ಮನೆ ಕೊಂಡು ಇದ್ದುಬಿಟ್ಟರೂ ಯಾರೂ ಕೇಳುವುದಿಲ್ಲ. ಜಪಾನಿನ ‘ಪರ್ಸೋನ 5’ (2016) ಆಟದಲ್ಲಿ ನಾಯಕ ಟೋಕಿಯೊದ ಒಬ್ಬ ಹೈಸ್ಕೂಲ್ ಹುಡುಗ. ಅವನ ಮುಖ, ಹಿನ್ನೆಲೆ, ವರ್ಷದ ದಿನದರ್ಶಿ ಎಲ್ಲ ಮೊದಲೇ ನಿಗದಿ. ಸಂಜೆ ಪರೀಕ್ಷೆಗೆ ಓದಬೇಕೋ, ಗೆಳೆಯನನ್ನು ನೋಡಬೇಕೋ, ಅಂಗಡಿಯಲ್ಲಿ ದುಡಿಯಬೇಕೋ ಎಂಬುದಷ್ಟೇ ಆಟಗಾರನ ಕೈಯಲ್ಲಿದೆ. ಮೊದಲನೆಯದರಲ್ಲಿ ಬಿಡುವು ಅನಂತ, ಎರಡನೆಯದರಲ್ಲಿ ಒಂದು ಸಂಜೆ ಹೋದರೆ ಹೋಯಿತು. ಪಾತ್ರದ ಕಣ್ಣಿನಿಂದಲೇ ಲೋಕವನ್ನು ಕಾಣುವ, ತನ್ನ ಕೈ ಮತ್ತು ಬಂದೂಕು ಮಾತ್ರ ಕಾಣುವ ಬಗೆಯ ಆಟ ಪಶ್ಚಿಮದಲ್ಲಿ ಮನೆಮಾತಾದದ್ದಕ್ಕೂ, ಜಪಾನಿನವರು ನಾಯಕನನ್ನು ಅಡಿಯಿಂದ ಮುಡಿಯವರೆಗೆ ಎದುರಿಗೆ ನೋಡಬಯಸಿದ್ದಕ್ಕೂ ಇದೇ ಕಾರಣ. ಜಾಗ ಬೇಕಾದವನಿಗೆ ಕಣ್ಣು ಸಾಕು, ಪಾತ್ರ ಬೇಕಾದವನಿಗೆ ವೇಷ ಬೇಕು.

ಪಶ್ಚಿಮದ ಗೇಮ್‌ಗಳು ಭಾರತಕ್ಕೆ ಬಂದದ್ದು ಹೆಚ್ಚಾಗಿ ನಿಧಿ ಹುಡುಕಲು. ಇಂಗ್ಲೆಂಡಿನಲ್ಲಿ ತಯಾರಾದ ‘ಟೂಂಬ್ ರೇಡರ್ 3’ (1998) ತೊಡಗುವುದೇ ಭಾರತದ ಕಾಡಿನಲ್ಲಿ, ಪಾಳು ಗುಡಿಯಲ್ಲಿ. ಇದರ ಹಿಂದೆ ವಸಾಹತು ಕಾಲದ ಸಾಹಸ ಕಾದಂಬರಿಗಳ ದೊಡ್ಡ ಸಾಲೇ ಇದೆ. ದೂರದ ಕಾಡು, ಮರೆತುಹೋದ ಅರಸು, ಶಾಪವಿರುವ ರತ್ನ, ಅದನ್ನು ಪತ್ತೆಮಾಡುವ ಹೊರಗಿನವನು. 2017ರ ಆಗಸ್ಟ್‌ನಲ್ಲಿ ಕ್ಯಾಲಿಫೋರ್ನಿಯದ ನಾಟಿ ಡಾಗ್ ಸಂಸ್ಥೆ ಪ್ಲೇಸ್ಟೇಷನ್ 4ಕ್ಕೆ ತಂದ ‘ದ ಲಾಸ್ಟ್ ಲೆಗಸಿ’ ಆ ಸಾಲಿನ ತೀರ ಎಚ್ಚರದ ಕೊಂಡಿ. ಇದರ ನಾಯಕಿ ಕ್ಲೋಯಿ ಫ್ರೇಜರ್‌ಳ ತಂದೆ ಭಾರತೀಯ. ಹೊಯ್ಸಳರ ಇತಿಹಾಸ ಅವಳಿಗೆ ಅಪ್ಪನಿಂದ ಬಂದ ಗೀಳು. ಜೊತೆಗಾರ್ತಿ ನಡೀನ್ ರಾಸ್ ದಕ್ಷಿಣ ಆಫ್ರಿಕದವಳು. ಹಾಗಾಗಿ ಬಿಳಿಯ ಸಾಹಸಿಯೊಬ್ಬ ಬಂದು ಲೂಟಿ ಮಾಡಿದ ಎಂಬ ಹಳೆಯ ದೂರಿಗೆ ಇಲ್ಲಿ ಅಷ್ಟಾಗಿ ಎಡೆಯಿಲ್ಲ.

ಕನ್ನಡದವರಿಗೆ ಇದು ವಿಚಿತ್ರ ಅನುಭವ ಕೊಡುವ ಆಟ. ಕೋಟಿಗಟ್ಟಲೆ ಡಾಲರ್ ಸುರಿದು ಕಟ್ಟುವ ಅಮೆರಿಕದ ಗೇಮಿನೊಳಗೆ ಹಳೇಬೀಡು, ಬೇಲೂರು ಎಂಬ ಹೆಸರುಗಳು ಕೇಳಿಸುತ್ತವೆ. ‘ದ ವೆಸ್ಟರ್ನ್ ಘಾಟ್ಸ್’ ಎಂಬ ಅಧ್ಯಾಯದಲ್ಲಿ ಜೀಪು ಹತ್ತಿ ಕೆಸರು, ಹೊಳೆ, ಬಂಡೆ ದಾಟುತ್ತ ಎತ್ತ ಬೇಕಾದರೂ ಹೋಗಬಹುದು. ಅಲ್ಲಲ್ಲಿ ಅಡಗಿಸಿಟ್ಟ ಹನ್ನೊಂದು ಹೊಯ್ಸಳ ಬಿಲ್ಲೆಗಳನ್ನು ಕೂಡಿಸಿದರೆ ರಾಣಿಯ ಕೆಂಪುಹರಳಿನ ಕಡಗ ಕೈಗೆ ಸೇರುತ್ತದೆ. ಒದ್ದೆ ಕಲ್ಲಿನ ಹೊಳಪು, ಪಾಚಿಯ ಹಸಿರು, ಮರದ ಸಂದಿಯಿಂದ ಬೀಳುವ ಬಿಸಿಲಕೋಲು ಇವೆಲ್ಲ ಘಟ್ಟ ಕಂಡವರೂ ತಲೆದೂಗುವಂತಿವೆ. ಗುಡಿಗಳ ವಿಷಯಕ್ಕೆ ಬಂದರೆ ಮಾತ್ರ ಲೆಕ್ಕ ತಪ್ಪುತ್ತದೆ. ಹಳೇಬೀಡಿನ ಹೊಯ್ಸಳೇಶ್ವರ ಗುಡಿಗೆ ಈಗ ಗೋಪುರವೇ ಇಲ್ಲ. ಅದರ ಸೊಗಸು ಇರುವುದು ಜಗತಿಯ ಮೇಲೆ ನಿಂತವರ ಮೊಣಕಾಲಿನಿಂದ ತಲೆಯವರೆಗಿನ ಎತ್ತರದಲ್ಲಿ. ಬುಡದಲ್ಲಿ ಆನೆಗಳ ಸಾಲು, ಅದರ ಮೇಲೆ ಸಿಂಹ, ಬಳ್ಳಿ, ಕುದುರೆ ಸವಾರರು, ರಾಮಾಯಣ ಮಹಾಭಾರತದ ಕಥೆ, ಮಕರ, ಹಂಸ. ಕೆತ್ತನೆಗೆ ಮೃದುವಾಗಿ ಒದಗುವ ಬಳಪದ ಕಲ್ಲಿನಲ್ಲಿ ಬೆರಳುಗುರಿನಷ್ಟು ಸೂಕ್ಷ್ಮ. ಗೇಮಿನ ಹೊಯ್ಸಳರು ಪ್ರಪಾತದ ಅಂಚಿಗೆ ಭೀಮಗಾತ್ರದ ಮೂರ್ತಿ ನಿಲ್ಲಿಸಿ, ಜಲಪಾತದ ಪಕ್ಕದಲ್ಲಿ ಗೋಪುರ ಎಬ್ಬಿಸಿದವರು. ಕಾರಣ ಸರಳ: ನಾಯಕಿಗೆ ಹತ್ತಲು ಗೋಡೆ ಬೇಕು, ನೇತಾಡಲು ಅಂಚು ಬೇಕು, ಬೀಳುವ ಭಯಕ್ಕೆ ಆಳ ಬೇಕು. ಕೂತು ನೋಡುವ ಗುಡಿಯಿಂದ ಹತ್ತುವ ಆಟ ಹುಟ್ಟುವುದಿಲ್ಲ.

ಇನ್ನೊಂದು ಕೊರತೆ ಇದಕ್ಕಿಂತ ದೊಡ್ಡದು. ಈ ಘಟ್ಟದಲ್ಲಿ ಜನರಿಲ್ಲ. ಅಸಾವ್ ಎಂಬ ಬಂಡುಕೋರನ ಬಂದೂಕುಧಾರಿಗಳನ್ನು ಬಿಟ್ಟರೆ ಒಂದು ಮನೆ, ಒಂದು ಅಡಿಕೆ ತೋಟ, ಒಂದು ಚಹಾ ಅಂಗಡಿ ಕಾಣುವುದಿಲ್ಲ. ನಿಜದ ಬೇಲೂರಿನಲ್ಲಿ 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ ಚೆನ್ನಕೇಶವನಿಗೆ ಇಂದಿಗೂ ಪೂಜೆ ನಡೆಯುತ್ತಿದೆ, ಗುಡಿಯ ಸುತ್ತ ಪೇಟೆಯಿದೆ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳು ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿ ಸೇರಿದ ಮೇಲೆ ಜನ ಇನ್ನೂ ಹೆಚ್ಚಿದ್ದಾರೆ. ಪಶ್ಚಿಮದ ಸಾಹಸ ಆಟಕ್ಕೆ ಬೇಕಾದದ್ದು ಜನ ಬಿಟ್ಟುಹೋದ ಹಾಳೂರು. ಪೂಜಾರಿ ಇರುವ ಗುಡಿಯಲ್ಲಿ ನಿಧಿ ತೆಗೆದರೆ ಅದು ಸಾಹಸ ಅನ್ನಿಸಿಕೊಳ್ಳುವುದಿಲ್ಲ, ಕಳ್ಳತನ ಅನ್ನಿಸಿಕೊಳ್ಳುತ್ತದೆ.

ಜಪಾನಿನ ಗೇಮ್‌ಗಳಿಗೆ ಇಂಥ ಯಾವ ಪೇಚೂ ಇಲ್ಲ, ಏಕೆಂದರೆ ಅವು ಭಾರತಕ್ಕೆ ಬರುವುದೇ ಅಪರೂಪ. 1992ರಲ್ಲಿ ಶುರುವಾದ ‘ಶಿನ್ ಮೆಗಾಮಿ ಟೆನ್ಸೆಯಿ’ ಸರಣಿಯಲ್ಲಿ ಲೋಕದ ಎಲ್ಲ ಮತಗಳ ದೇವರು, ದೆವ್ವ, ದೇವದೂತರು ಒಂದೇ ಪಟ್ಟಿಯಲ್ಲಿ ಕೂತಿದ್ದಾರೆ: ವಿಷ್ಣು, ಕಾಳಿ, ಗಣೇಶ, ಹನುಮಂತ, ಪಕ್ಕದಲ್ಲಿ ಥಾರ್, ಲೂಸಿಫರ್, ಜಪಾನಿನ ನೀರುಭೂತ. ಆಟಗಾರ ಅವರೊಂದಿಗೆ ಮಾತಾಡಿ, ಚೌಕಾಸಿ ಮಾಡಿ, ತನ್ನ ಕಡೆಗೆ ಒಲಿಸಿಕೊಳ್ಳುತ್ತಾನೆ. ಆಮೇಲೆ ಇಬ್ಬರನ್ನು ಬೆರೆಸಿ ಮೂರನೆಯವರನ್ನು ಹುಟ್ಟಿಸುತ್ತಾನೆ. ಈ ಬೆರಕೆಗೆ ತನ್ನದೇ ತರ್ಕವಿದೆ. ಬಾಲಿ ದ್ವೀಪದ ಜಾನಪದದಲ್ಲಿ ಎಂದೂ ಮುಗಿಯದ ಕದನ ನಡೆಸುವ ರಾಂಗ್ಡ ಮತ್ತು ಬರೋಂಗ್ ಎಂಬ ಇಬ್ಬರು ಬದ್ಧವೈರಿಗಳಿದ್ದಾರೆ. ಅವರಿಬ್ಬರನ್ನು ಬೆರೆಸಿದರೆ ಸಿಗುವವನು ಶಿವ. ಶಿವ ಪಾರ್ವತಿಯರನ್ನು ಬೆರೆಸಿದರೆ ಅರ್ಧನಾರಿ. ಇದನ್ನು ಯೋಚಿಸಿದವರು ಪುರಾಣದ ಪುಟ ತಿರುವಿಹಾಕಿದ್ದಾರೆ ಎಂಬುದರಲ್ಲಿ ಅನುಮಾನವಿಲ್ಲ. ಭಕ್ತಿಯೂ ಇಲ್ಲ, ಗೇಲಿಯೂ ಇಲ್ಲ. ಈ ಸರಣಿಯನ್ನು ಮಾಡಿದ ಸಂಸ್ಥೆಯದೇ ಆದ ‘ಡಿಜಿಟಲ್ ಡೆವಿಲ್ ಸಾಗ’ (2004) ಇನ್ನೂ ಮುಂದೆ ಹೋಗಿ, ಪಾತ್ರಗಳನ್ನೇ ಅಗ್ನಿ, ವಾಯು, ಪೃಥ್ವಿ, ದ್ಯೌಸ್ ಎಂಬ ಭೀಕರ ರೂಪಗಳಿಗೆ ತಿರುಗಿಸಿ, ಒಬ್ಬರನ್ನೊಬ್ಬರು ತಿನ್ನುವಂತೆ ಮಾಡುತ್ತದೆ. ತಿಂದಷ್ಟೂ ಹೊಸ ಮಂತ್ರಗಳು ಸಿದ್ಧಿಸುತ್ತವೆ. ಗೆದ್ದ ಗುಂಪಿಗೆ ನಿರ್ವಾಣದ ಬಾಗಿಲು ತೆರೆಯುವ ಆಶ್ವಾಸನೆ ಇದೆ. ಕರ್ಮ, ಮಂತ್ರ, ನಿರ್ವಾಣ ಎಲ್ಲವೂ ಆಟದ ಗಣಿತದೊಳಗೆ ಹೊಕ್ಕಿವೆ. ಭಾರತದ ಒಂದು ಮರ, ಒಂದು ಗೋಡೆ ಎಲ್ಲೂ ಇಲ್ಲ.

2012ರ ‘ಅಸುರಾಸ್ ರಾತ್’ ಈ ಶೈಲಿಯ ತುತ್ತತುದಿ. ಎಂಟು ಸೇನಾಪತಿಗಳಲ್ಲಿ ಒಬ್ಬನಾದ ಅಸುರನಿಗೆ ಮಿಕ್ಕವರು ಮೋಸ ಮಾಡುತ್ತಾರೆ. ಹೆಂಡತಿ ದುರ್ಗೆಯನ್ನು ಕೊಲ್ಲುತ್ತಾರೆ, ಮಗಳು ಮಿತ್ರಾಳನ್ನು ಹೊತ್ತೊಯ್ಯುತ್ತಾರೆ. ಮುಂದಿನದೆಲ್ಲ ಅವನ ಸಿಟ್ಟಿನ ಕಥೆ. ಆರಂಭದ ಒಂದು ಕಾಳಗದಲ್ಲಿ ವೈಜನ್ ಎಂಬ ಸೇನಾಪತಿ ಬೆಳೆಯುತ್ತ ಬೆಳೆಯುತ್ತ ಭೂಮಿಗಿಂತ ದೊಡ್ಡವನಾಗಿ, ಬಾಹ್ಯಾಕಾಶದಿಂದ ಒಂದು ಬೆರಳನ್ನು ಇಳಿಸಿ ಅಸುರನನ್ನು ಒರೆಸಿಹಾಕಲು ನೋಡುತ್ತಾನೆ. ಕೆಳಗೆ ನಿಂತ ಅಸುರನ ಮೈಯಿಂದ ಮತ್ತೆ ನಾಲ್ಕು ಕೈ ಮೂಡಿ, ಆರೂ ಮುಷ್ಟಿಗಳು ಆ ಬೆರಳ ತುದಿಗೆ ಗುದ್ದುತ್ತವೆ. ಆಟಗಾರನ ಪಾಲಿನ ಕೆಲಸ ಒಂದೇ ಗುಂಡಿಯನ್ನು ಬಿಡದೆ ಬಡಿಯುವುದು. ಬೆರಳು ಬಿರಿಯುತ್ತದೆ, ತೋಳು ಬಿರಿಯುತ್ತದೆ, ಕಡೆಗೆ ದೈತ್ಯನೇ ಸಿಡಿಯುತ್ತಾನೆ. ಕಥೆ ಟಿವಿ ಧಾರಾವಾಹಿಯಂತೆ ಕಂತುಕಂತಾಗಿ ಬರುತ್ತದೆ. ಪ್ರತಿ ಕಂತಿನ ಕೊನೆಗೆ ಮುಂದಿನ ಸಂಚಿಕೆಯ ತುಣುಕೂ ಉಂಟು. ಯಕ್ಷಗಾನ ನೋಡಿ ಬೆಳೆದವರಿಗೆ ಇದರಲ್ಲಿ ಗಾಬರಿಯಾಗುವಂಥದ್ದೇನಿಲ್ಲ. ರಂಗದ ಮೇಲೆ ಕಾಡೂ ಇಲ್ಲ, ಅರಮನೆಯೂ ಇಲ್ಲ; ಕಿರೀಟದ ಅಗಲ, ಮುಖದ ಚುಟ್ಟಿ, ಒಡ್ಡೋಲಗದ ಅಬ್ಬರದಿಂದಲೇ ಬಂದವನು ಯಾರೆಂದು ತಿಳಿಯುತ್ತದೆ. ಜಪಾನಿ ಗೇಮ್ ನೆಚ್ಚಿರುವುದು ಇದೇ ಬಗೆಯ ವೇಷವನ್ನು.

ವೇಷ ಎಂದಮೇಲೆ ಧಾಲ್ಸಿಮ್‌ನನ್ನು ಬಿಡುವಂತಿಲ್ಲ. 1991ರ ‘ಸ್ಟ್ರೀಟ್ ಫೈಟರ್ 2’ ಆಟದ ಈ ಭಾರತೀಯ ಯೋಗಿ ಕೊರಳಿಗೆ ತಲೆಬುರುಡೆ ಸರ ಹಾಕಿಕೊಂಡು, ಕೈಕಾಲುಗಳನ್ನು ರಬ್ಬರಿನಂತೆ ಉದ್ದ ಚಾಚಿ ಹೊಡೆಯುತ್ತಾನೆ, ಬಾಯಿಂದ ಬೆಂಕಿ ಉಗುಳುತ್ತಾನೆ. ಹಿಂದೆ ಆನೆಗಳ ಸಾಲು. ವಿಡಿಯೊ ಗೇಮ್ ಪಾರ್ಲರ್‌ಗಳಲ್ಲಿ ನಾಣ್ಯ ಹಾಕಿ ಆಡಿದ ಭಾರತದ ಹುಡುಗರಲ್ಲಿ ಅನೇಕರಿಗೆ ಅವನು ಮುಜುಗರ, ಕೆಲವರಿಗೆ ಹೆಮ್ಮೆ. ಪಡಿಯಚ್ಚು ಎಂದು ಬೈಯುವುದು ಸುಲಭ, ಬೈದರೆ ತಪ್ಪೂ ಅಲ್ಲ. ಆದರೆ ಅದೇ ಆಟದಲ್ಲಿ ಜಪಾನಿನ ಪಾಲಿಗೆ ಬಂದವರಲ್ಲೊಬ್ಬ ಸ್ನಾನದ ಮನೆಯಲ್ಲಿ ಕುಸ್ತಿಯಾಡುವ ಸುಮೊ ಪೈಲ್ವಾನ, ರಷ್ಯಾದ ಪಾಲಿಗೆ ಮೈತುಂಬ ಗಾಯದ ಮಲ್ಲ, ಅಮೆರಿಕದ ಪಾಲಿಗೆ ಪೊರಕೆಗೂದಲಿನ ಸೈನಿಕ. ತಮ್ಮನ್ನೂ ಅದೇ ಅಚ್ಚಿಗೆ ಹಾಕಿಕೊಂಡದ್ದು ಜಪಾನಿಯರ ಪರವಾಗಿ ಹೇಳಬಹುದಾದ ಮಾತು.

ಶಿವನನ್ನು ಮೋಟಾರ್ ಸೈಕಲ್ ಮಾಡುವ ಸಲುಗೆ ಜಪಾನಿಯರಿಗೆ ಎಲ್ಲಿಂದ ಬಂತು? ಉತ್ತರದ ಒಂದು ತುದಿ ಆಂಧ್ರದ ಕರಾವಳಿಯಲ್ಲಿದೆ. ವಿಶಾಖಪಟ್ಟಣದಿಂದ ಭೀಮುನಿಪಟ್ಟಣಕ್ಕೆ ಹೋಗುವ ಕಡಲದಾರಿಯ ಪಕ್ಕದ ತೊಟ್ಲಕೊಂಡ, ಬಾವಿಕೊಂಡ ಗುಡ್ಡಗಳ ಮೇಲೆ ಎರಡು ಸಾವಿರ ವರ್ಷ ಹಳೆಯ ಬೌದ್ಧ ವಿಹಾರಗಳ ಅಡಿಪಾಯ ಹರಡಿಕೊಂಡಿದೆ; ಸ್ತೂಪದ ಸುತ್ತು, ಭಿಕ್ಷುಗಳ ಕೋಣೆಗಳ ಸಾಲು, ಬಂಡೆಯಲ್ಲೇ ಕೊರೆದ ನೀರಿನ ತೊಟ್ಟಿಗಳು, ಕೆಳಗೆ ಬಂಗಾಳ ಕೊಲ್ಲಿ. ವಿಜಯವಾಡದಿಂದ ಹೆಚ್ಚು ದೂರವಿಲ್ಲದ ಅಮರಾವತಿಯಲ್ಲಿ ಕೃಷ್ಣೆಯ ದಡದ ಮಹಾಸ್ತೂಪ ಇತ್ತು. ಅದರ ಶಿಲ್ಪಗಳು ಈಗ ಚೆನ್ನೈನ ಎಗ್ಮೋರ್ ಮ್ಯೂಸಿಯಂ, ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ ಮುಂತಾದೆಡೆ ಹಂಚಿಹೋಗಿವೆ. ಶೂನ್ಯವಾದದ ಆಚಾರ್ಯ ನಾಗಾರ್ಜುನನನ್ನು ಪರಂಪರೆ ಈ ಕೃಷ್ಣಾ ಕಣಿವೆಗೇ ಸೇರಿಸುತ್ತದೆ. ಅದೇ ನಾಗಾರ್ಜುನ ಜಪಾನಿನಲ್ಲಿ ರ್‍ಯೂಜು. ಎಂಟು ಬೌದ್ಧ ಪಂಥಗಳು ಅವನನ್ನು ಮೂಲಪುರುಷನೆಂದು ನೆನೆಯುತ್ತವೆ. ಬೋಧಿಸೇನ ಎಂಬ ಭಾರತದ ಭಿಕ್ಷು 736ರಲ್ಲಿ ಜಪಾನಿಗೆ ಹೋದ. 752ರಲ್ಲಿ ನಾರಾ ನಗರದ ತೋದೈಜಿ ಮಹಾಬುದ್ಧನ ಕಣ್ಣು ತೆರೆಸುವ ವಿಧಿ ನಡೆಸಿದವನು ಅವನೇ. 806ರಲ್ಲಿ ಕೂಕೈ ಎಂಬ ಜಪಾನಿ ಭಿಕ್ಷು ಚೀನಾದಿಂದ ಮಂತ್ರಮಾರ್ಗವನ್ನು ಹೊತ್ತು ತಂದ.

ಬುದ್ಧನ ಹಿಂದೆ ದೇವತೆಗಳೂ ಹೋದರು. ಸರಸ್ವತಿ ಬೆಂಜೈತೆನ್ ಆಗಿ ಬಿವಾ ವಾದ್ಯ ಹಿಡಿದಳು, ಕುಬೇರ ಬಿಶಾಮೊಂತೆನ್ ಆದ, ಯಮ ಎಮ್ಮ ಆದ, ಇಂದ್ರ ತೈಶಾಕುತೆನ್ ಆದ, ಗಣಪತಿ ಕಾಂಗಿತೆನ್ ಎಂಬ ಹೆಸರಿನಲ್ಲಿ ಗುಡಿಯೊಳಗೆ ಮುಚ್ಚಿಟ್ಟ ಗುಪ್ತದೈವವಾದ. ಅಗ್ನಿ, ವಾಯು, ವರುಣ, ಪೃಥ್ವಿ, ಈಶಾನರು ಹನ್ನೆರಡು ದಿಕ್ಕಾವಲು ದೇವತೆಗಳ ಗುಂಪಿಗೆ ಸೇರಿದರು. ‘ಡಿಜಿಟಲ್ ಡೆವಿಲ್ ಸಾಗ’ದ ಪಾತ್ರಪಟ್ಟಿಯನ್ನು ಇದರ ಪಕ್ಕದಲ್ಲಿ ಇಟ್ಟು ನೋಡಬಹುದು. ಅಸುರನ ಕಥೆ ಇನ್ನೂ ಸ್ವಾರಸ್ಯದ್ದು. ನಾರಾದ ಕೋಫುಕುಜಿ ದೇಗುಲದಲ್ಲಿ 734ರಲ್ಲಿ ಅರಗಿನಲ್ಲಿ ರೂಪಿಸಿದ ಅಸುರ ಮೂರ್ತಿಯಿದೆ: ಮೂರು ಮುಖ, ಆರು ಸಣಕಲು ಕೈಗಳು, ಹುಡುಗನ ಮೈಕಟ್ಟು, ಹುಬ್ಬಿನ ನಡುವೆ ಕಳವಳದ ಗೆರೆ. ನಮ್ಮಲ್ಲಿ ಕೊಲ್ಲಬೇಕಾದವನು ಅಲ್ಲಿ ಧರ್ಮಪಾಲಕನಾಗಿ, ಜನ ಸಾಲುಗಟ್ಟಿ ನೋಡುವ ಚೆಲುವನಾಗಿದ್ದಾನೆ. ಸಿಟ್ಟಿಗೆದ್ದ, ಆರು ಕೈಯ, ಆದರೂ ಮರುಕ ಹುಟ್ಟಿಸುವ ಗೇಮಿನ ಅಸುರ ಅವನ ಸಂತಾನವೇ. ಎಂದರೆ, ಜಪಾನಿ ಗೇಮ್ ಮಾಡುವವನ ಪಾಲಿಗೆ ಈ ದೇವತೆಗಳು ಪರದೇಶದ ಕೌತುಕವಲ್ಲ, ಓಣಿಯ ಗುಡಿಯಲ್ಲಿ ಕಂಡು ಬೆಳೆದ ಮುಖಗಳು. ಹಂಪಿ, ಹಳೇಬೀಡು ಅವನ ನೆನಪಿನಲ್ಲಿಲ್ಲದ ಕಾರಣ ಜಾಗದ ಹಂಗೂ ಅವನಿಗಿಲ್ಲ. ಅಮೆರಿಕದ ವಿನ್ಯಾಸಕಾರನಿಗೆ ಗಣೇಶ ಗ್ರಂಥಾಲಯದಲ್ಲಿ, ಪ್ರವಾಸದ ಫೋಟೊಗಳಲ್ಲಿ ಸಿಕ್ಕವನು. ಹಾಗಾಗಿ ಅವನು ತಪ್ಪಬಾರದೆಂದು ನಕಲು ಮಾಡುತ್ತಾನೆ, ಮುಟ್ಟಲು ಅಂಜುತ್ತಾನೆ.

ಅಂಜಿಕೆಗೆ ಕಾರಣಗಳೂ ಇವೆ. 2002ರ ‘ಹಿಟ್‌ಮ್ಯಾನ್ 2’ ಆಟದಲ್ಲಿ ಅಮೃತಸರದ ಸ್ವರ್ಣಮಂದಿರವನ್ನು ಹೋಲುವ ಜಾಗದಲ್ಲಿ ಕೊಲೆಗಳು ನಡೆದು, ಸಿಖ್ಖರ ಪ್ರತಿಭಟನೆಯ ನಂತರ ಅದನ್ನು ಬದಲಿಸಬೇಕಾಯಿತು. 2008ರಲ್ಲಿ ‘ಫಾಲ್‌ಔಟ್ 3’ ಆಟವನ್ನು ಭಾರತದಲ್ಲಿ ಬಿಡುಗಡೆ ಮಾಡುವುದಿಲ್ಲವೆಂದ ಮೈಕ್ರೋಸಾಫ್ಟ್ ಸಾಂಸ್ಕೃತಿಕ ಸೂಕ್ಷ್ಮತೆಯ ಕಾರಣ ಕೊಟ್ಟಿತು. ಅದರಲ್ಲಿನ ಎರಡು ತಲೆಯ ಹಸುವಿಗೆ ಬ್ರಾಹ್ಮಿನ್ ಎಂದು ಹೆಸರಿರುವುದೇ ಇದಕ್ಕೆ ಕಾರಣವೆಂದು ಆಡುವವರು ಊಹಿಸಿದರು. 2012ರಲ್ಲಿ ಅಮೆರಿಕದ ‘ಸ್ಮೈಟ್’ ಆಟದ ಕಾಳಿಯ ಉಡುಪಿನ ಬಗ್ಗೆ ಅಲ್ಲಿನ ಹಿಂದೂ ಸಂಘಟನೆ ಆಕ್ಷೇಪ ಎತ್ತಿತು. ಪಶ್ಚಿಮದಲ್ಲಿ ಗ್ರೀಕ್ ದೇವತೆಗಳನ್ನು ಪೂಜಿಸುವವರು ಹೆಚ್ಚಿಲ್ಲ. 2005ರ ‘ಗಾಡ್ ಆಫ್ ವಾರ್’ನಿಂದ ಆರಂಭಿಸಿ ಒಬ್ಬೊಬ್ಬ ಗ್ರೀಕ್ ದೇವರನ್ನು ಕೊಂದರೂ ಕೇಳುವವರಿರಲಿಲ್ಲ. ಕಾಳಿಯನ್ನು ಅದೇ ಕಪಾಟಿನ ಪುರಾಣವೆಂದು ಎಣಿಸಿದಾಗ ಪೂಜಿಸುವವರು ಎದುರು ನಿಂತರು. ಜಪಾನಿನ ಹಿಮದ ಶಿವ, ನರಭಕ್ಷಕ ಅಗ್ನಿಯರ ಮೇಲೆ ಇಷ್ಟು ಗಲಾಟೆ ಆಗಲಿಲ್ಲ. ಗುರುತೇ ಸಿಗದಷ್ಟು ಬದಲಾದ ದೇವರ ಮೇಲೆ ಯಾರು ತಾನೇ ಹಕ್ಕು ಹೂಡುತ್ತಾರೆ? ನಿಷ್ಠೆಯಿಂದ ನಕಲು ಮಾಡಿದವನೇ ಹೆಚ್ಚು ಬೈಗುಳ ತಿಂದದ್ದು ಇಲ್ಲಿನ ವಿಪರ್ಯಾಸ.

ಈ ಎರಡು ಶೈಲಿಗಳ ನಡುವಿನ ಗೆರೆ ಈಚೆಗೆ ಮಸುಕಾಗಿದೆ. ಯಾವ ಬೆಟ್ಟವನ್ನಾದರೂ ಹತ್ತಬಹುದಾದ ನಿಂಟೆಂಡೊದ ‘ಬ್ರೆತ್ ಆಫ್ ದ ವೈಲ್ಡ್’ (2017), ವಿಶಾಲ ಪಾಳುನೆಲದ ‘ಎಲ್ಡನ್ ರಿಂಗ್’ (2022) ಎರಡೂ ಜಪಾನಿನವು. ಅತ್ತ ಅಮೆರಿಕದವರು ಜಪಾನಿನ ದ್ವೀಪವೊಂದರ ಮೇಲೆ ‘ಘೋಸ್ಟ್ ಆಫ್ ತ್ಸುಶಿಮಾ’ (2020) ಮಾಡಿದಾಗ, ಆ ದ್ವೀಪದ ಆಡಳಿತ ಮುನಿಸಿಕೊಳ್ಳುವುದಿರಲಿ, ಅದರ ನಿರ್ದೇಶಕರನ್ನು ತನ್ನ ಪ್ರವಾಸೋದ್ಯಮ ರಾಯಭಾರಿಗಳನ್ನಾಗಿ ಮಾಡಿಕೊಂಡಿತು. ಹಳೇಬೀಡಿಗೆ ಅಂಥ ಯೋಗ ಬರಲಿಲ್ಲ. 2024ರ ‘ಬ್ಲ್ಯಾಕ್ ಮಿಥ್: ವುಕಾಂಗ್’ನಲ್ಲಿ ಚೀನಾದವರು ತಮ್ಮ ಹಳೆಯ ಗುಡಿಗಳನ್ನು ಸ್ಕ್ಯಾನ್ ಮಾಡಿ ಪಶ್ಚಿಮದ ಮಾದರಿಯ ಜಾಗ ಕಟ್ಟಿ, ಅದರೊಳಗೆ ತಮ್ಮದೇ ಕಪಿವೀರನನ್ನು ಕುಣಿಸಿದರು. ವಿಶಾಖಪಟ್ಟಣ, ವಿಜಯವಾಡ, ಹುಬ್ಬಳ್ಳಿ, ಮಂಗಳೂರುಗಳ ಹುಡುಗರು ಮೊಬೈಲಿನಲ್ಲಿ ಮುಳುಗಿದ್ದ, 2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ ನಿಷೇಧಿಸಿದ ‘ಪಬ್‌ಜಿ’ಯಂತೂ ಯಾವ ಗುಂಪಿಗೂ ಸೇರದು: ಐರಿಷ್ ವಿನ್ಯಾಸಕಾರ, ಕೊರಿಯದ ಸಂಸ್ಥೆ, ಜಪಾನಿ ಸಿನಿಮಾದ ಪ್ರೇರಣೆ, ಮೊಬೈಲಿಗೆ ತಂದವರು ಚೀನಾದವರು.

ಭಾರತದಲ್ಲಿ ಗೇಮ್ ಮಾಡುವವರು ಬಹುಕಾಲ ಪಶ್ಚಿಮದ ಜಾಗಗಳಿಗೆ ಕೂಲಿ ಮಾಡಿದರು. 1997ರಲ್ಲಿ ಬೆಂಗಳೂರಿನಲ್ಲಿ ರಾಜೇಶ್ ರಾವ್ ಕಟ್ಟಿದ ಧ್ರುವ ಇಂಟರ್‌ಆ್ಯಕ್ಟಿವ್ ದೇಶದ ಮೊದಲ ಗೇಮ್ ಸಂಸ್ಥೆಗಳಲ್ಲೊಂದು. ವಿದೇಶಿ ಆಟಗಳಿಗೆ ಕಾರು, ಕಟ್ಟಡಗಳ ಚಿತ್ರ ಒದಗಿಸುವುದೇ ಅದರ ಮುಖ್ಯ ಕೆಲಸವಾಗಿತ್ತು. 2019ರಲ್ಲಿ ಅದು ಅಮೆರಿಕದ ರಾಕ್‌ಸ್ಟಾರ್ ಪಾಲಾಯಿತು. ಸ್ವಂತ ಪುರಾಣಕ್ಕೆ ಕೈಹಾಕಿದವರಿಗೆ ಬೇರೆಯದೇ ತೊಡಕು ಎದುರಾಯಿತು. ಅವಿಭಜಿತ ಆಂಧ್ರದ ರಾಜಧಾನಿ ಹೈದರಾಬಾದಿನಲ್ಲಿ ತಯಾರಾಗಿ 2009ರಲ್ಲಿ ಪ್ಲೇಸ್ಟೇಷನ್ 2ಕ್ಕೆ ಬಂದ ‘ಹನುಮಾನ್: ಬಾಯ್ ವಾರಿಯರ್’ ಆಟಕ್ಕೆ ಆಕ್ಷೇಪ ಬಂದದ್ದು ಚಿತ್ರದ ಬಗ್ಗೆ ಅಲ್ಲ, ದೇವರನ್ನು ಜಾಯ್‌ಸ್ಟಿಕ್ ಹಿಡಿದು ಆಡಿಸುವುದೇ ಸರಿಯಲ್ಲ ಎಂದು. ಪಾತ್ರವನ್ನೇ ನೆಚ್ಚಿದ ಜಪಾನಿ ದಾರಿ ಇಲ್ಲಿ ಹಾಗೆಯೇ ನಡೆಯದೆಂಬುದು ಅಲ್ಲಿಗೆ ಸ್ಪಷ್ಟವಾಯಿತು.

ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್ 2020ರಲ್ಲಿ ತಂದ ‘ರಾಜಿ: ಆ್ಯನ್ ಏನ್ಷಿಯಂಟ್ ಎಪಿಕ್’ ಈ ತೊಡಕನ್ನು ಜಾಣತನದಿಂದ ದಾಟಿದೆ. ಇದರಲ್ಲಿ ಆಟಗಾರನ ಕೈಗೆ ಸಿಗುವವಳು ದೇವರಲ್ಲ, ತಮ್ಮ ಗೋಲುವನ್ನು ಅಸುರರಿಂದ ಬಿಡಿಸಿಕೊಳ್ಳಲು ಹೊರಟ ರಾಜಿ ಎಂಬ ಹುಡುಗಿ. ದುರ್ಗೆ ಅವಳಿಗೆ ತ್ರಿಶೂಲ ಕೊಡುತ್ತಾಳೆ, ವಿಷ್ಣು ಬಿಲ್ಲು ಕೊಡುತ್ತಾನೆ. ಇಬ್ಬರೂ ಮೇಲಿನಿಂದ ನೋಡುತ್ತ, ಹುಡುಗಿ ಗೆಲ್ಲುತ್ತಾಳೋ ಇಲ್ಲವೋ ಎಂದು ತಮ್ಮತಮ್ಮಲ್ಲೇ ಮಾತಾಡಿಕೊಳ್ಳುತ್ತಾರೆ. ರಾಜಸ್ಥಾನಿ ಕೋಟೆಗಳು, ಪಹಾಡಿ ಚಿತ್ರಕಲೆಯ ಬಣ್ಣಗಳಿಂದ ಜಾಗ ಸಿದ್ಧವಾಗಿದೆ. ನಡುನಡುವೆ ಕಥೆ ಹೇಳುವ ಭಾಗಗಳು ಬೊಂಬೆಗಳ ನೆರಳಾಟದ ರೂಪದಲ್ಲಿವೆ. ನಮ್ಮ ತೊಗಲುಗೊಂಬೆಯಾಟ, ಆಂಧ್ರದ ತೋಲುಬೊಮ್ಮಲಾಟ ಕಂಡವರಿಗೆ ಆ ಕೀಲುಕೈಗಳ ಕುಣಿತ ಪರಿಚಿತ. ಗೋಡೆಚಿತ್ರಗಳ ಮುಂದೆ ಹುಡುಗಿಯನ್ನು ನಿಲ್ಲಿಸಿದರೆ ದೇವತೆಗಳೇ ಆ ಚಿತ್ರದ ಪುರಾಣ ಹೇಳತೊಡಗುತ್ತಾರೆ. ಹೊಡೆದಾಟ ಸಪ್ಪೆ ಎಂದೂ, ಕೊನೆ ಅರೆಬರೆ ಎಂದೂ ವಿಮರ್ಶಕರು ಗೊಣಗಿದ್ದುಂಟು, ಆ ಗೊಣಗಾಟದಲ್ಲಿ ಹುರುಳೂ ಇದೆ. ಆದರೆ ಹತ್ತಲು ಗೋಡೆಯೂ ಇರುವ, ಮಾತಾಡುವ ದೇವರೂ ಇರುವ ಆಟ ಅದಕ್ಕೆ ಮೊದಲು ಇಲ್ಲಿ ಯಾರೂ ಇಷ್ಟು ಅಚ್ಚುಕಟ್ಟಾಗಿ ಮಾಡಿರಲಿಲ್ಲ.